ಅಂಚೆಯ ಚೀಲ ಹೊತ್ತು ಹಾರಿದ ಉದ್ಯಮಿ

ವಿಮಾನಯಾನವು ಇಂದು ನಮಗೆ ಸೋಜಿಗದ ಸಂಗತಿಯಾಗಿ ಉಳಿದಿಲ್ಲ. ವಿದ್ಯಾಭ್ಯಾಸಕ್ಕೋ ಉದ್ಯೋಗಕ್ಕೋ ದೂರದೇಶಕ್ಕೆ ತೆರಳುವ ಮಕ್ಕಳನ್ನು ಬೀಳ್ಕೊಡಲು ನಾವೇ ವಿಮಾನ ನಿಲ್ದಾಣಕ್ಕೆ ಹೋಗಿಬರುತ್ತೇವೆ. ಈ ಸೌಕರ್ಯಕ್ಕೆ ನಮ್ಮ ದೇಶದಲ್ಲಿ ಅಡಿಗಲ್ಲು ಹಾಕಿದವರಲ್ಲಿ ಜೆ.ಆರ್.ಡಿ. ಟಾಟಾ ಅವರು ಅಗ್ರಗಣ್ಯರು.

1904ರ ಜುಲೈ 29ರಂದು ಪ್ಯಾರಿಸ್ಸಿನಲ್ಲಿ ಜನಿಸಿದ ಅವರ ತಂದೆ ಪಾರ್ಸಿ, ತಾಯಿ ಫ್ರೆಂಚ್ ಮಹಿಳೆ. ಅವರ ಕುಟುಂಬವು ಬೇಸಿಗೆಯನ್ನು ಕಳೆಯುತ್ತಿದ್ದ ಫ್ರಾನ್ಸಿನ ಕಡಲತೀರದ ಊರಿನಲ್ಲಿಯೇ, ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿದ ಲೂಯಿ ಬ್ಲೇರಿಯೋ ಅವರ ಮನೆಯೂ ಇತ್ತು. ಬಾಲಕನ ಮನಸ್ಸಿನಲ್ಲಿ ಅಲ್ಲಿ ಮೊಳೆತ ಹಂಬಲವು 1929ರ ಫೆಬ್ರವರಿ 10ರಂದು ಫಲಿಸಿತು. ಭಾರತದಲ್ಲಿ ನೀಡಲಾದ ಮೊದಲನೆಯ ವೈಮಾನಿಕ ಪರವಾನಗಿಯು ಅಂದು ಅವರ ಕೈಸೇರಿತು.

ಭಾರತಕ್ಕೂ ಇಂಗ್ಲೆಂಡಿಗೂ ನಡುವೆ ಏಕಾಂಗಿಯಾಗಿ ಹಾರುವ ಭಾರತೀಯನಿಗೆ ಆಗಾ ಖಾನರು ಬಹುಮಾನ ಘೋಷಿಸಿದರು. 1930ರಲ್ಲಿ ಕರಾಚಿಯಿಂದ ಹೊರಟ ಜೆ.ಆರ್.ಡಿ. ಅವರಿಗೆ ಈಜಿಪ್ತಿನ ಅಬೂಕಿರ್‌ನಲ್ಲಿ ಎದುರುದಿಕ್ಕಿನಿಂದ ಬಂದಿದ್ದ ಪ್ರತಿಸ್ಪರ್ಧಿ ಆಸ್ಪಿ ಎಂಜಿನಿಯರ್ ಎಂಬ ತರುಣರು ಭೇಟಿಯಾದರು. ಸ್ಪಾರ್ಕ್ ಪ್ಲಗ್ ಇಲ್ಲದೆ ಅವರ ಪಯಣ ನಿಂತಿತ್ತು. ಜೆ.ಆರ್.ಡಿ. ತಮ್ಮಲ್ಲಿದ್ದುದನ್ನು ಕೊಟ್ಟು ಮುಂದೆ ಸಾಗಿದರು. ಕೊನೆಗೆ ಬಹುಮಾನ ಗೆದ್ದವರು ಆಸ್ಪಿಯವರೇ! ಮುಂದೆ ಅವರು ಭಾರತೀಯ ವಾಯುಪಡೆಯ ಮುಖ್ಯಸ್ಥರೂ ಆದರು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅಂಚೆಯ ಚೀಲಗಳನ್ನಿಟ್ಟುಕೊಂಡು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಯ ಜುಹೂಗೆ ಬಂದಿಳಿದರು. ಅಲ್ಲಿಂದ ಮುಂದಿನ ಹೊಣೆ ಅವರ ಸಹವರ್ತಿ ನೆವಿಲ್ ವಿನ್ಸೆಂಟ್ ಅವರದು. ಅವರು ನಮ್ಮ ಬಳ್ಳಾರಿಯ ಮೂಲಕ ಮದರಾಸನ್ನು ಮುಟ್ಟಿದರು. ಈ ವಿಮಾನ ಅಂಚೆ ಮಾರ್ಗದಲ್ಲಿ ಕನ್ನಡ ನೆಲವೂ ಒಂದು ತಂಗುದಾಣವಾಗಿತ್ತೆಂಬುದು ನಮಗೆ ಹೆಮ್ಮೆಯ ವಿಷಯ. ರೇಡಿಯೋ ಸಂಪರ್ಕವಿಲ್ಲ, ಜುಹೂವಿನಲ್ಲಿ ಮಳೆಗಾಲಕ್ಕೆ ಒಣನೆಲವಿಲ್ಲ. ಆದರೂ ಸೇವೆ ನಿಲ್ಲಲಿಲ್ಲ.

ಆ ಪುಟ್ಟ ಸಂಸ್ಥೆಯೇ 1946ರಲ್ಲಿ ಏರ್ ಇಂಡಿಯಾ ಎನಿಸಿ, 1948ರ ಜೂನ್ 8ರಂದು ಲಂಡನ್ನಿಗೆ ತನ್ನ ಮೊದಲ ವಿಮಾನವನ್ನು ಕಳುಹಿಸಿತು. 1953ರಲ್ಲಿ ಸರ್ಕಾರವು ವಿಮಾನ ಸಂಸ್ಥೆಗಳನ್ನು ರಾಷ್ಟ್ರೀಕರಣಗೊಳಿಸಿತು. ಅದನ್ನು ಒಪ್ಪದಿದ್ದರೂ ಜೆ.ಆರ್.ಡಿ. ಮುನಿಸಿಕೊಂಡು ದೂರ ಸರಿಯಲಿಲ್ಲ. ತಾವು ಕಟ್ಟಿದ, ಆದರೆ ಇನ್ನು ತಮ್ಮದಲ್ಲದ ಸಂಸ್ಥೆಗೆ ಸಂಬಳವಿಲ್ಲದ ಅಧ್ಯಕ್ಷರಾಗಿ ದುಡಿದರು. ವಿಮಾನದೊಳಗಿನ ಪರದೆ, ಊಟ, ಶೌಚಾಲಯದ ಶುಚಿತ್ವ ಯಾವುದೂ ಅವರ ಕಣ್ಣಿಗೆ ಕ್ಷುಲ್ಲಕವಾಗಿರಲಿಲ್ಲ. 1978ರಲ್ಲಿ ಸರ್ಕಾರ ಅವರನ್ನು ಆ ಸ್ಥಾನದಿಂದ ತೆಗೆದುಹಾಕಿತು. ಆ ನೋವು ಅವರ ಉತ್ಸಾಹವನ್ನು ಕುಂದಿಸಲಿಲ್ಲ. 1982ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಪುಟ್ಟ ವಿಮಾನವನ್ನು ತಾವೇ ಹಾರಿಸಿಕೊಂಡು ಬಂದರು.

1992ರಲ್ಲಿ ಭಾರತರತ್ನ ಗೌರವಕ್ಕೆ ಪಾತ್ರರಾದ ಅವರು 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದರು. 2022ರ ಜನವರಿಯಲ್ಲಿ ಏರ್ ಇಂಡಿಯಾ ಮರಳಿ ಟಾಟಾ ಬಳಗಕ್ಕೆ ಸೇರಿದುದನ್ನು ಕಾಣಲು ಅವರಿರಲಿಲ್ಲ.

ಒಡೆತನ ಹೋದರೂ ಹೊಣೆಗಾರಿಕೆಯನ್ನು ಬಿಡದಿರುವುದು, ಎದುರಾಳಿಯ ಕಷ್ಟಕ್ಕೂ ಕೈನೀಡುವುದು—ಈ ಎರಡು ಗುಣಗಳನ್ನು ನಮ್ಮ ಮನೆಯ ಮಕ್ಕಳಿಗೆ ಹೇಳಿಕೊಡಲು ಇಂಥ ಬಾಳಿಗಿಂತ ಉತ್ತಮ ಪಾಠ ಬೇಕೆ?