ಕರುಳಿನ ಕ್ಯಾನ್ಸರ್ ಲಿವರಿಗೆ ಹರಡಿದಾಗ

ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರ್ ಲಿವರಿಗೆ ಹರಡಿದೆ ಎಂದು ಸ್ಕ್ಯಾನ್ ವರದಿ ಬಂದಾಗ ಅನೇಕ ಮನೆಯವರು ಎದೆಗುಂದುತ್ತಾರೆ. ‘ನಾಲ್ಕನೇ ಹಂತ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಆಸ್ಪತ್ರೆ ಬಿಟ್ಟು ‘ಜಿಗರಿಗೆ ಏನಾದರೂ ಔಷಧಿ ಕೊಡಿ’ ಎಂದು ನಮ್ಮಂತಹ ಹಕೀಮರ ಬಳಿ ಬರುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ: ಮೊದಲು ಲಿವರ್ ಶಸ್ತ್ರಚಿಕಿತ್ಸೆಯ ತಜ್ಞರನ್ನು ಕಾಣಿರಿ.

ಕರುಳಿನ ರಕ್ತ ಹೆಚ್ಚಾಗಿ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರಿಗೆ ಹೋಗುತ್ತದೆ. ಆದುದರಿಂದ ಗಡ್ಡೆಯಿಂದ ಕಳಚಿದ ಜೀವಕೋಶಗಳು ಅಲ್ಲಿಯೇ ಬೇರೂರುವುದು ಸಾಮಾನ್ಯ. ಕೆಲವರಲ್ಲಿ ಅದು ಲಿವರಿನಿಂದಾಚೆಗೆ ಹರಡಿರುವುದಿಲ್ಲ. ಅಂಥವರಲ್ಲಿ ಗಡ್ಡೆಗಳನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಾದರೆ ನೂರರಲ್ಲಿ ಸುಮಾರು 40 ಮಂದಿ ಐದು ವರ್ಷಕ್ಕಿಂತ ಹೆಚ್ಚು ಬದುಕುತ್ತಾರೆ. ಕೆಲವರು ಸಂಪೂರ್ಣ ಗುಣಮುಖರಾಗುತ್ತಾರೆ.

ಲಿವರ್ ಮತ್ತೆ ಬೆಳೆಯುವ ಅಂಗ. ಆರೋಗ್ಯವಾಗಿದ್ದರೆ ಅದರ ಮೂರನೇ ಒಂದು ಭಾಗ ಉಳಿದರೂ ಸಾಮಾನ್ಯವಾಗಿ ಸಾಕಾಗುತ್ತದೆ. ಗಡ್ಡೆ ದೊಡ್ಡದಿದ್ದರೆ ಮೊದಲು ಕೀಮೋಥೆರಪಿಯಿಂದ ಕುಗ್ಗಿಸಲು ನೋಡುತ್ತಾರೆ. ಉಳಿಯುವ ಭಾಗ ಸಾಲದೆಂದು ಕಂಡರೆ, ತೆಗೆಯಲಿರುವ ಭಾಗದ ಪೋರ್ಟಲ್ ಕವಲನ್ನು ಮುಚ್ಚಿ ಇನ್ನೊಂದು ಭಾಗ ಬೆಳೆಯುವಂತೆ ಮಾಡುತ್ತಾರೆ. ಸಣ್ಣ ಗಡ್ಡೆಗಳನ್ನು ಸೂಜಿಯ ಮೂಲಕ ಶಾಖ ಕೊಟ್ಟು ಸುಡುವ ವಿಧಾನವೂ ಇದೆ. ಶಸ್ತ್ರಚಿಕಿತ್ಸೆ ಆಗದವರಿಗೂ ಕೀಮೋ ಮತ್ತು ಗಡ್ಡೆಯ ಜೀನ್ ಪರೀಕ್ಷೆ ನೋಡಿ ಕೊಡುವ ಔಷಧಿಗಳಿಂದ ಬದುಕಿನ ಅವಧಿ ಹೆಚ್ಚಬಹುದು.

ವೈದ್ಯರಲ್ಲಿ ಈ ಮೂರು ಪ್ರಶ್ನೆ ಕೇಳಿರಿ: ರೋಗ ಲಿವರಿಗೆ ಮಾತ್ರ ಹರಡಿದೆಯೇ? ಗಡ್ಡೆಯನ್ನು ಈಗ ತೆಗೆಯಬಹುದೇ? ಇಲ್ಲವಾದರೆ, ಕೀಮೋ ಆದ ಮೇಲೆ ತೆಗೆಯಬಹುದೇ?

ಯುನಾನಿಯಲ್ಲಿ ಕ್ಯಾನ್ಸರಿಗೆ ‘ಸರತಾನ್’ ಎನ್ನುತ್ತಾರೆ. ಗಡ್ಡೆ ಚಿಕ್ಕದಿರುವಾಗಲೇ ಏನೂ ಉಳಿಯದಂತೆ ಕತ್ತರಿಸಿ ತೆಗೆಯಬೇಕೆಂದು ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ‘ಅಲ್-ಕಾನೂನ್’ ಗ್ರಂಥದಲ್ಲಿ ಹೇಳಿದ್ದಾರೆ. ಲಿವರಿಗೆ ಹರಡಿದ ಗಡ್ಡೆಯನ್ನು ಕರಗಿಸುವ ಔಷಧಿ ನಮ್ಮಲ್ಲಿಲ್ಲ. ಇದೆ ಎನ್ನುವವರನ್ನು ನಂಬಿ ತಿಂಗಳುಗಳನ್ನು ಕಳೆಯಬೇಡಿ. ಅನೇಕ ಔಷಧಿಗಳನ್ನು ದೇಹದಲ್ಲಿ ನಿಭಾಯಿಸುವುದೂ ಇದೇ ಲಿವರ್. ಕೀಮೋ ನಡೆಯುವಾಗ ಕುಶ್ತಾ, ಕಷಾಯಗಳನ್ನು ಸೇವಿಸಿದರೆ ಅದರ ಮೇಲಿನ ಭಾರ ಹೆಚ್ಚಬಹುದು. ಕಲೋಂಜಿ ಎಣ್ಣೆಯನ್ನು ಸಹ ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬೇಡಿ.

ಖರ್ಚಿನ ಚಿಂತೆಯಿಂದ ಹಿಂಜರಿಯುವವರು ಗಮನಿಸಿ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸರಕಾರಿ ಕ್ಯಾನ್ಸರ್ ಆಸ್ಪತ್ರೆ. ರೇಷನ್ ಕಾರ್ಡ್, ಆಧಾರ್ ಮತ್ತು ಎಲ್ಲ ವರದಿಗಳನ್ನು ಜೊತೆಗೆ ಒಯ್ಯಿರಿ.

ಕೊನೆಯದಾಗಿ, ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಬೇಡಿ. ನಾಚಿಕೆ ಬಿಟ್ಟು ಪರೀಕ್ಷೆ ಮಾಡಿಸಿಕೊಳ್ಳಿ. ಕರುಳಿನಲ್ಲಿರುವಾಗಲೇ ಸಿಕ್ಕಿದ ಕ್ಯಾನ್ಸರನ್ನು ಗುಣಪಡಿಸುವುದು ಹೆಚ್ಚು ಸುಲಭ.