ಕಚೇರಿಯ ಲೇಸರ್ ಪ್ರಿಂಟರಿನಲ್ಲಿ ಉತ್ತಮ ವರ್ಣ ಮುದ್ರಣ: ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ದರಪಟ್ಟಿ, ಉತ್ಪನ್ನಗಳ ಕ್ಯಾಟಲಾಗ್, ಯೋಜನಾ ವರದಿ ಮುಂತಾದವುಗಳನ್ನು ಕಚೇರಿಯಲ್ಲಿಯೇ ಬಣ್ಣದಲ್ಲಿ ಮುದ್ರಿಸಿಕೊಳ್ಳುವ ಪದ್ಧತಿ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಲ್ಲಿಯೂ ರೂಢಿಗೆ ಬಂದಿದೆ. ಕೆಲವೇ ಪ್ರತಿಗಳು ಸಾಕೆನಿಸಿದಾಗ ಇದು ಅನುಕೂಲಕರವೂ ಹೌದು. ಆದರೆ ರೇಷ್ಮೆ ಸೀರೆಯ ಕುಂಕುಮಗೆಂಪು ಕ್ಯಾಟಲಾಗಿನಲ್ಲಿ ಇಟ್ಟಿಗೆಯ ಬಣ್ಣವಾಗಿ ಕಂಡರೆ, ಅದನ್ನು ನೋಡಿ ಬೇಡಿಕೆ ಸಲ್ಲಿಸಿದ ವ್ಯಾಪಾರಿಯು ಸರಕು ತಲುಪಿದಾಗ ತಕರಾರು ತೆಗೆಯುವುದು ಸಹಜ. ಹೀಗಾಗಿ ಮುದ್ರಣದ ಬಣ್ಣವು ವ್ಯವಹಾರದ ವಿಶ್ವಾಸಕ್ಕೆ ಸಂಬಂಧಿಸಿದ ವಿಷಯವಾಗುತ್ತದೆ. ಇಂತಹ ಸಂದರ್ಭದಲ್ಲಿ ದುಬಾರಿ ಕಾರ್ಟ್ರಿಡ್ಜ್‌ಗಳನ್ನು ಅಥವಾ ಯಂತ್ರವನ್ನೇ ಬದಲಿಸುವ ಮುನ್ನ, ಹೆಚ್ಚು ಖರ್ಚಿಲ್ಲದ ಕೆಲವು ಪರಿಶೀಲನೆಗಳನ್ನು ಕೈಗೊಳ್ಳುವುದು ಸೂಕ್ತ.

ಯಂತ್ರದ ಮಿತಿ

ಕಂಪ್ಯೂಟರ್ ಪರದೆಯು ಕೆಂಪು, ಹಸಿರು, ನೀಲಿ ಬೆಳಕುಗಳ ಮಿಶ್ರಣದಿಂದ ಬಣ್ಣಗಳನ್ನು ತೋರಿಸುತ್ತದೆ. ಲೇಸರ್ ಪ್ರಿಂಟರ್ ಸಯಾನ್, ಮೆಜೆಂಟಾ, ಹಳದಿ ಮತ್ತು ಕಪ್ಪು ಎಂಬ ನಾಲ್ಕು ಟೋನರ್ ಪುಡಿಗಳನ್ನು ಕಾಗದದ ಮೇಲಿರಿಸಿ, ಫ್ಯೂಸರ್ ಭಾಗದ ಶಾಖ ಹಾಗೂ ಒತ್ತಡದಿಂದ ಕರಗಿಸಿ ಅಂಟಿಸುತ್ತದೆ. ಪರದೆಯ ಮೇಲೆ ಹೊಳೆಯುವ ಕಡು ನೀಲಿ, ಎಳೆ ಹಸಿರು, ಕಿತ್ತಳೆ ಬಣ್ಣಗಳು ಕಾಗದದ ಮೇಲೆ ತುಸು ಮಂಕಾಗುವುದು ಈ ವ್ಯತ್ಯಾಸದಿಂದಲೇ. ಇದನ್ನು ಯಂತ್ರದ ದೋಷವೆಂದು ಭಾವಿಸಬೇಕಾಗಿಲ್ಲ.

ಕಾಗದದ ಆಯ್ಕೆ

ದಿನನಿತ್ಯದ ಪತ್ರವ್ಯವಹಾರಕ್ಕೆ 70ರಿಂದ 80 ಜಿಎಸ್‌ಎಂ ತೂಕದ ಕಾಗದ ಸಾಕು. ಕ್ಯಾಟಲಾಗಿಗೆ 90ರಿಂದ 120 ಜಿಎಸ್‌ಎಂ ತೂಕದ, ನಯವಾದ, ಶುಭ್ರ ಬಿಳುಪಿನ ಲೇಸರ್ ಕಾಗದ ಉತ್ತಮ. ಯಂತ್ರದ ಕೈಪಿಡಿಯಲ್ಲಿ ಸೂಚಿಸಿರುವ ಮಿತಿಯನ್ನು ಮೀರಬಾರದು. ದಪ್ಪ ಕಾಗದವನ್ನು ಹಾಕಿದಾಗ ಪ್ರಿಂಟ್ ಸೆಟ್ಟಿಂಗ್‌ನಲ್ಲಿಯೂ ಅದೇ ಬಗೆಯನ್ನು ಆರಿಸಬೇಕು. ಆಗ ಯಂತ್ರವು ಶಾಖವನ್ನೂ ವೇಗವನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತದೆ. ಇಲ್ಲವಾದಲ್ಲಿ ಟೋನರ್ ಸರಿಯಾಗಿ ಅಂಟದೆ, ಬೆರಳಿನಿಂದ ಉಜ್ಜಿದರೆ ಉದುರುತ್ತದೆ. ಇಂಕ್‌ಜೆಟ್ ಯಂತ್ರಗಳಿಗೆಂದು ತಯಾರಿಸಿದ ಫೋಟೋ ಕಾಗದವನ್ನು ಬಳಸಲೇಬಾರದು. ಅದರ ಲೇಪನ ಕರಗಿ ಫ್ಯೂಸರಿಗೆ ಅಂಟಿ ಹಾನಿಯಾಗುವ ಸಂಭವವಿದೆ. ಮಳೆಗಾಲದಲ್ಲಿ ಕಾಗದ ತೇವ ಹೀರಿಕೊಂಡರೆ ಬಣ್ಣ ಅಲ್ಲಲ್ಲಿ ಮಾಸಿದಂತೆ ಬೀಳುತ್ತದೆ. ಆದ್ದರಿಂದ ಒಡೆದ ರೀಮನ್ನು ಅದರ ಹೊದಿಕೆಯಲ್ಲಿಯೇ ಸುತ್ತಿ ಇಡತಕ್ಕದ್ದು.

ಸೆಟ್ಟಿಂಗ್ ಮತ್ತು ಚಿತ್ರಗಳು

ಉಳಿತಾಯಕ್ಕಾಗಿ ಯಾರೋ ಆರಿಸಿಟ್ಟ ‘ಟೋನರ್ ಸೇವ್’ ಆಯ್ಕೆ ಹಾಗೆಯೇ ಉಳಿದಿದ್ದರೆ ಬಣ್ಣ ತೆಳುವಾಗುತ್ತದೆ. ಗ್ರಾಹಕರಿಗೆ ಕಳುಹಿಸುವ ಪ್ರತಿಗಳಿಗೆ ಅದನ್ನು ತೆಗೆದುಹಾಕಬೇಕು. ಅಕ್ಷರಗಳನ್ನು ಕಪ್ಪು ಟೋನರಿನಿಂದ ಮಾತ್ರ ಮುದ್ರಿಸುವ ಆಯ್ಕೆಯಿದ್ದರೆ ಬಳಸುವುದು ಲೇಸು. ಅಕ್ಷರಗಳ ಅಂಚು ಸ್ಪಷ್ಟವಾಗಿರುತ್ತದೆ. ಚಿತ್ರಗಳಿಗೆ ಅಂಗುಲಕ್ಕೆ ಸುಮಾರು 300 ಪಿಕ್ಸೆಲ್‌ಗಳಿದ್ದರೆ ಒಳ್ಳೆಯ ಫಲ ದೊರೆಯುತ್ತದೆ. ಎಂದರೆ 4 ಅಂಗುಲ ಅಗಲದ ಚಿತ್ರಕ್ಕೆ 1200 ಪಿಕ್ಸೆಲ್ ಬೇಕು. ಅಂತರ್ಜಾಲದಿಂದ ಪಡೆದ ಪುಟ್ಟ ಚಿತ್ರವನ್ನು ಹಿಗ್ಗಿಸಿದರೆ ಯಾವ ಯಂತ್ರವೂ ಅದನ್ನು ಸುಧಾರಿಸಲಾರದು.

ಕ್ಯಾಲಿಬ್ರೇಷನ್

ಕಾರ್ಟ್ರಿಡ್ಜ್ ಬದಲಿಸಿದಾಗ, ಯಂತ್ರವನ್ನು ಸ್ಥಳಾಂತರಿಸಿದಾಗ ಮತ್ತು ಹವಾಮಾನ ಬದಲಾದಾಗ ಪ್ರಿಂಟರಿನ ಮೆನುವಿನಲ್ಲಿರುವ ಬಣ್ಣದ ಕ್ಯಾಲಿಬ್ರೇಷನ್ ನಡೆಸಬೇಕು. ಇದರಿಂದ ನಾಲ್ಕು ಬಣ್ಣಗಳ ಸಾಂದ್ರತೆ ಸರಿಹೊಂದುತ್ತದೆ. ಅಕ್ಷರ ಅಥವಾ ಗೆರೆಗಳ ಪಕ್ಕದಲ್ಲಿ ಬೇರೆ ಬಣ್ಣದ ನೆರಳು ಕಂಡರೆ ಬಣ್ಣಗಳ ಜೋಡಣೆ ತಪ್ಪಿದೆಯೆಂದು ತಿಳಿಯಬಹುದು. ಒಂದೇ ಬಣ್ಣ ಮಾತ್ರ ಕ್ಷೀಣವಾಗಿದ್ದರೆ ಆ ಕಾರ್ಟ್ರಿಡ್ಜನ್ನು, ಸಮಾನ ಅಂತರದಲ್ಲಿ ಒಂದೇ ಕಲೆ ಮರುಕಳಿಸುತ್ತಿದ್ದರೆ ಡ್ರಮ್ ಅಥವಾ ರೋಲರನ್ನು ಪರೀಕ್ಷಿಸಬೇಕು. ಹೀಗೆ ದೋಷದ ಮೂಲ ತಿಳಿದರೆ ನಾಲ್ಕನ್ನೂ ಬದಲಿಸುವ ಖರ್ಚು ಉಳಿಯುತ್ತದೆ.

ಒಪ್ಪಿತ ಮಾದರಿ

ತೃಪ್ತಿಕರವಾದ ಒಂದು ಪ್ರತಿಯನ್ನು, ಬಳಸಿದ ಕಾಗದ ಮತ್ತು ಸೆಟ್ಟಿಂಗ್‌ಗಳ ವಿವರದೊಂದಿಗೆ, ಬಿಸಿಲು ತಾಗದಂತೆ ಕಡತದಲ್ಲಿ ಕಾಯ್ದಿರಿಸಿ, ಮುಂದಿನ ಮುದ್ರಣಗಳನ್ನು ಹಗಲು ಬೆಳಕಿನಲ್ಲಿ ಅದರೊಂದಿಗೆ ಹೋಲಿಸುವುದು ಒಳ್ಳೆಯ ಅಭ್ಯಾಸ. ಹಳದಿ ದೀಪದ ಕೆಳಗೆ ಮಾಡಿದ ಹೋಲಿಕೆ ದಾರಿ ತಪ್ಪಿಸುತ್ತದೆ.

ಇಷ್ಟಾದರೂ ಬಟ್ಟೆ, ಬಣ್ಣದ ಆಟಿಕೆ, ಗ್ರಾನೈಟ್ ಮೊದಲಾದ, ಬಣ್ಣವೇ ಮಾರಾಟದ ಷರತ್ತಾಗಿರುವ ಸರಕುಗಳ ವಿಷಯದಲ್ಲಿ ಮುದ್ರಿತ ಪುಟವನ್ನೇ ಪ್ರಮಾಣವೆಂದು ನೀಡಬಾರದು. ದರಪಟ್ಟಿಯೊಂದಿಗೆ ಸರಕಿನ ಪುಟ್ಟ ತುಣುಕೊಂದನ್ನು ಲಗತ್ತಿಸಿ, ಮುದ್ರಿತ ಬಣ್ಣಕ್ಕೂ ನೈಜ ಬಣ್ಣಕ್ಕೂ ಅಲ್ಪ ವ್ಯತ್ಯಾಸವಿರಬಹುದೆಂದು ಷರತ್ತುಗಳಲ್ಲಿ ನಮೂದಿಸುವುದು ಮಾರುವವರಿಗೂ ಕೊಳ್ಳುವವರಿಗೂ ಕ್ಷೇಮ.