ಮುಪ್ಪು ಎಲ್ಲರಿಗೂ ಒಂದೇ ಬಗೆಯದಲ್ಲ

ಮಕ್ಕಳು ಎಷ್ಟಿರಬೇಕೆಂಬ ವಿಚಾರ ಬಂದಾಗಲೆಲ್ಲ, "ಕೈಕಾಲು ಸೋತ ಕಾಲಕ್ಕೆ ಒಬ್ಬ ಗಂಡುಮಗನಾದರೂ ಬೇಡವೆ?" ಎಂಬ ಪ್ರಶ್ನೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ದಂಪತಿಗಳಿಂದ ಕೇಳಿಬರುತ್ತದೆ. ಪ್ರಶ್ನೆ ಅಸಂಗತವಲ್ಲ. ಅದನ್ನು ನಕ್ಕು ತಳ್ಳಿಹಾಕುವವರು ಮುಪ್ಪಿನ ಭಯವನ್ನು ಅರಿತವರಲ್ಲ. ಆದರೆ ಮುಪ್ಪನ್ನು ಕಾಯುವುದು ಗಂಡುಮಕ್ಕಳ ಎಣಿಕೆಯೇ ಎಂಬುದನ್ನು ವಿಚಾರಿಸಿ ನೋಡಬೇಕಾಗಿದೆ.

2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ದಾಟಿದವರು ಹತ್ತು ಕೋಟಿಗೂ ಅಧಿಕ. ಅವರಲ್ಲಿ ಸ್ತ್ರೀಯರೇ ಹೆಚ್ಚು. ಸ್ತ್ರೀಯರ ಆಯುಷ್ಯ ತುಸು ದೀರ್ಘ, ಪತಿಯು ವಯಸ್ಸಿನಲ್ಲಿ ಹಿರಿಯ. ಹೆಂಡತಿಯನ್ನು ಕಳೆದುಕೊಂಡವನು ಮರುಮದುವೆಯಾಗುವುದುಂಟು, ವಿಧವೆಗೆ ಆ ಅವಕಾಶ ವಿರಳ. ಆದುದರಿಂದ ಒಂಟಿ ಮುಪ್ಪು ಬಹುಮಟ್ಟಿಗೆ ಹೆಂಗಸಿನ ಪಾಲು. ಜಪಾನಿನಲ್ಲಿ ಹತ್ತು ಜನರಲ್ಲಿ ಸುಮಾರು ಮೂವರು 65 ದಾಟಿದವರು. ಅಲ್ಲಿ ನಿವೃತ್ತಿ ವೇತನದ ವ್ಯವಸ್ಥೆಯಿದ್ದರೂ, ಮಕ್ಕಳನ್ನು ಬೆಳೆಸಲು ಕೆಲಸ ಬಿಟ್ಟ ಸ್ತ್ರೀಗೆ ದೊರೆಯುವುದು ಪುರುಷನಿಗಿಂತ ಕಡಿಮೆ. ನಮ್ಮಲ್ಲಿ ಹೊಲದ ಕೂಲಿಗೂ ರಾಮದುರ್ಗದ ಮಗ್ಗದ ನೇಕಾರಿಕೆಗೂ ನಿವೃತ್ತಿಯೆಂಬುದೇ ಇಲ್ಲ. ಜಮೀನುಳ್ಳವನು ಕಟ್ಟೆಯ ಮೇಲೆ ಕುಳಿತು ಮುದುಕನಾಗುತ್ತಾನೆ. ಕೂಲಿಯವಳು ಕಳೆ ಕೀಳುತ್ತಲೇ ಮುದುಕಿಯಾಗುತ್ತಾಳೆ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರ ಸ್ಥಿತಿ ಇನ್ನೂ ಕಠಿಣ. 1982ರ ಕಾಯಿದೆ ಆ ಪದ್ಧತಿಯನ್ನು ನಿಷೇಧಿಸಿತು. ಆದರೆ ಅದಕ್ಕೆ ಮುನ್ನ ಬಲಿಯಾದವರು ಇಂದು ಪತಿಯಿಲ್ಲದೆ, ಆಸ್ತಿಯಿಲ್ಲದೆ ವೃದ್ಧರಾಗಿದ್ದಾರೆ. ಅವರಿಗೆ ಪ್ರತ್ಯೇಕ ಮಾಸಾಶನವುಂಟು.

ವೈದ್ಯನ ದೃಷ್ಟಿಯಲ್ಲಿ ಈ ಅಸಮಾನತೆಯ ಬೇರು ಯೌವನದಲ್ಲಿದೆ. ಹದಿನೆಂಟು ತುಂಬುವ ಮೊದಲೇ ಮದುವೆ, ಅಂತರವಿಲ್ಲದ ಹೆರಿಗೆಗಳು, ರಕ್ತಹೀನತೆ, ಬಾಣಂತನ ಮುಗಿಯುವ ಮೊದಲೇ ನೀರಿನ ಕೊಡ ಮತ್ತು ಸೌದೆಯ ಹೊರೆ: ಇವೆಲ್ಲ ಸೇರಿ ನಡುವಯಸ್ಸಿನಲ್ಲಿ ಗರ್ಭಕೋಶ ಜಾರುವ ಸಂಭವವನ್ನು ಹೆಚ್ಚಿಸುತ್ತವೆ. ಬಿಳಿಸೆರಗಿನಂತಹ, ಔಷಧದಿಂದ ಗುಣವಾಗುವ ತೊಂದರೆಗೂ ಮೂವತ್ತರ ವಯಸ್ಸಿನಲ್ಲಿಯೇ ಗರ್ಭಕೋಶ ತೆಗೆಸಿಕೊಳ್ಳುವವರಿದ್ದಾರೆ. ಅದರೊಡನೆ ಅಂಡಾಶಯಗಳನ್ನೂ ತೆಗೆದರೆ ಎಲುಬುಗಳು ಅಕಾಲದಲ್ಲಿಯೇ ಸವೆಯತೊಡಗುತ್ತವೆ. ಇನ್ನೊಬ್ಬ ವೈದ್ಯರನ್ನು ಕೇಳದೆ ಇದಕ್ಕೆ ಒಪ್ಪಬಾರದು. ಎರಡು ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿರಲಿ. ಮಕ್ಕಳು ಸಾಕೆನಿಸಿದಾಗ ಪತಿಯೇ ಮುಂದೆ ಬರುವುದು ಸುಲಭ: ಹೊಲಿಗೆಯಿಲ್ಲದ ಪುರುಷ ಶಸ್ತ್ರಚಿಕಿತ್ಸೆ ಸ್ತ್ರೀಯರದಕ್ಕಿಂತ ಸರಳವಾದುದು, ಅದೇ ದಿನ ಮನೆಗೆ ಮರಳಬಹುದು. ಗಂಡಸುತನಕ್ಕೆ ಕುಂದುಂಟಾಗುತ್ತದೆಂಬುದು ಬರಿಯ ಮಾತು. ಆದರೆ ಮೂರು ತಿಂಗಳ ನಂತರ ವೀರ್ಯಪರೀಕ್ಷೆ ಆಗುವವರೆಗೆ ನಿರೋಧ್ ಬಳಸತಕ್ಕದ್ದು.

ಇನ್ನು ಮಗನ ವಿಚಾರ. ಮೂವರು ಗಂಡುಮಕ್ಕಳಿರುವ ಮನೆಯಲ್ಲಿ ತಾಯಿ ಒಬ್ಬನಲ್ಲಿ, ತಂದೆ ಮತ್ತೊಬ್ಬನಲ್ಲಿ ಎಂದು ವಾಟ್ನಿಯ ಜೊತೆಗೆ ಹೆತ್ತವರೂ ಹಂಚಿಹೋಗುವುದನ್ನು ತಾವೂ ಕಂಡಿರಬಹುದು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆಯು ಮಗನನ್ನೂ ಮಗಳನ್ನೂ ಸಮನಾಗಿ ಹೊಣೆಗಾರರನ್ನಾಗಿಸಿದೆ. ಸಂತಾನವಿಲ್ಲದವರನ್ನು ಪೋಷಿಸುವ ಹೊಣೆ ಅವರ ಆಸ್ತಿಗೆ ಹಕ್ಕುದಾರನಾಗುವ ಸಂಬಂಧಿಕನ ಮೇಲಿದೆ. ಈ ನಾಲ್ಕೂ ತಾಲ್ಲೂಕುಗಳವರು ಬೈಲಹೊಂಗಲದ ಉಪವಿಭಾಗಾಧಿಕಾರಿಗಳಲ್ಲಿ ಅರ್ಜಿ ಸಲ್ಲಿಸಬಹುದು. ತಿಂಗಳಿಗೆ ಹತ್ತು ಸಾವಿರ ರೂಪಾಯಿಗಳವರೆಗೆ ಜೀವನಾಂಶ ಗೊತ್ತುಪಡಿಸುವ ಅಧಿಕಾರ ಅವರಿಗಿದೆ.

ಒಂದು ಎಚ್ಚರಿಕೆ. ಹೊಲಮನೆಗಳನ್ನು ಬಕ್ಷೀಸುಪತ್ರ ಮಾಡಿಕೊಡುವಾಗ, "ಪಡೆದವನು ನಮ್ಮನ್ನು ಪೋಷಿಸತಕ್ಕದ್ದು" ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಬೇಕು. ಷರತ್ತು ಮುರಿದರೆ ಪತ್ರವನ್ನು ರದ್ದುಗೊಳಿಸುವ ಅವಕಾಶ ಇದೇ ಕಾಯಿದೆಯಲ್ಲಿದೆ. ಬರೆಯಿಸದಿದ್ದರೆ ಸಾಧಿಸುವುದು ಕಷ್ಟ. ಹೆಂಡತಿಯ ಹೆಸರನ್ನು ಉತಾರದಲ್ಲಿ ಸೇರಿಸುವುದಕ್ಕೂ ಪತಿಯ ಮರಣದವರೆಗೆ ಕಾಯಬೇಕಾಗಿಲ್ಲ.

ಸಂಧ್ಯಾ ಸುರಕ್ಷಾ ಹಾಗೂ ವಿಧವಾ ವೇತನಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಸಂಧ್ಯಾ ಸುರಕ್ಷಾಕ್ಕೆ 65 ತುಂಬಿರಬೇಕು. ಹಲವು ವೃದ್ಧೆಯರ ಆಧಾರ್ ಚೀಟಿಯಲ್ಲಿ ಅಂದಾಜಿನ ವಯಸ್ಸು ನಮೂದಾಗಿರುತ್ತದೆ, ಅದೂ ನಾಲ್ಕಾರು ವರ್ಷ ಕಡಿಮೆ. ಮನೆಯಲ್ಲಿರುವ ಅತ್ತೆಯವರ ಚೀಟಿಯನ್ನು ಇಂದೇ ತೆಗೆದು ನೋಡಿರಿ.